ಸುಣ್ಣ ಹಚ್ಚಿದ ಗೊಂಜಾಳ ತೆನೆ

ನಮ್ಮ ಮಾವನವರು ಫೋನಿನಲ್ಲಿ ನೋಡುತ್ತಿದ್ದದ್ದು ಎರಡೇ: ಕುಸ್ತಿ ಮತ್ತು ಎತ್ತುಗಳ ಓಟ. ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಫೋನನ್ನು ಮೂಗಿನ ತುದಿಗೆ ತಂದುಕೊಂಡು, ಯಾರೋ ಯಾರನ್ನೋ ಚಿತ್ ಮಾಡಿದಾಗ "ಭಲೇ!" ಎಂದು ತಾವೇ ತೊಡೆ ತಟ್ಟಿಕೊಳ್ಳುವರು. ಅದರಾಚೆಗೆ ಅವರದ್ದು ಕಡಿಮೆ ಮಾತು. ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ನೇರವಾಗಿ ಕರೆದು ಮಾತಾಡಿಸಿದ್ದನ್ನು ಬೆರಳಲ್ಲಿ ಎಣಿಸಬಹುದು. ಚಹಾ ಬೇಕಾದರೂ ಅತ್ತೆಗೆ ಹೇಳುವರು, ಅತ್ತೆ ನನಗೆ ಹೇಳುವರು. ಸಿಟ್ಟೇನೂ ಇರಲಿಲ್ಲ. ಅವರ ಕಾಲದ ಮರ್ಯಾದೆ ಹಾಗಿತ್ತು ಅಷ್ಟೆ.

ಹಾಗಾಗಿ ಎರಡು ವರ್ಷದ ಹಿಂದೆ, ಒಂದು ಮಳೆಗಾಲದ ಸಂಜೆ, ನಾನು ಶಾಲೆಯಿಂದ ಬಂದು ಗಣಿತದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದಾಗ ಅವರು ನನ್ನನ್ನೇ ಕೂಗಿದ್ದು ಕೇಳಿ ಗಾಬರಿಯಾಯಿತು.

"ಯವ್ವಾ, ಲಗೂನ ಬಾ ಇಲ್ಲಿ. ಇವರು ತೆನಿಗೆ ಸುಣ್ಣ ಹಚ್ಚಾಕತ್ತಾರ ನೋಡು!"

ಓಡಿ ಹೋಗಿ ನೋಡಿದೆ. ಫೋನಿನಲ್ಲಿ ಯಾವುದೋ ದೇಶದ ರಸ್ತೆಬದಿ. ದೊಡ್ಡ ಟೋಪಿ ಹಾಕಿಕೊಂಡ ಒಬ್ಬ ಮುದುಕ ಕೆಂಡದ ಮೇಲೆ ತೆನೆ ಸುಡುತ್ತಿದ್ದ. ಸುಟ್ಟ ತೆನೆಯನ್ನು ಎತ್ತಿ, ಒಂದು ಬ್ರಷ್ಷಿನಿಂದ ಬಿಳಿಯ ಗಟ್ಟಿ ಪದಾರ್ಥವನ್ನು ಮೇಲಿಂದ ಕೆಳಗೆ ಬಳಿದ. ಪಕ್ಕಾ ದೀಪಾವಳಿಗೆ ಗೋಡೆ ಬಳಿದ ಹಾಗೆ. ಅದರ ಮೇಲೆ ಬಿಳಿಯ ಪುಡಿ, ಕೆಂಪು ಪುಡಿ, ಹಸಿರು ಸೊಪ್ಪು ಉದುರಿಸಿ, ಲಿಂಬೆಹಣ್ಣು ಹಿಂಡಿ, ಎದುರು ನಿಂತ ಹೆಂಗಸಿನ ಕೈಗೆ ಕೊಟ್ಟ. ಆಕೆ ರಸ್ತೆಯಲ್ಲೇ ನಿಂತು ಕಚ್ಚಿದಳು. ಮೂಗಿಗೆಲ್ಲ ಬಿಳಿ ಮೆತ್ತಿಕೊಂಡಿತು.

"ಅದು ಸುಣ್ಣ ಅಲ್ರೀ ಮಾವಾರ. ಬೆಣ್ಣಿ, ಕೆನಿ ಅಂಥಾದ್ದೇನೋ ಇರಬೇಕು. ಇದು ಮೆಕ್ಸಿಕೋ ದೇಶ," ಎಂದೆ. ಕೆಳಗೆ ಬರೆದದ್ದನ್ನು ಓದಿ, "ಇದಕ್ಕ ಅವರು 'ಎಲೋತೆ' ಅಂತಾರಂತ," ಎಂದೂ ಹೇಳಿದೆ.

ಮಾವನವರು ಹುಬ್ಬು ಏರಿಸಿದರು. "ಎಳೆತೆನಿ ಅಂತಾರೇನು?"

"ಎಲೋತೆ ರೀ."

"ಅದ ನಾ ಹೇಳಿದ್ದು. ಎಳೆತೆನಿ." ಅವರ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖ ನೋಡದೆ, ಕಿಟಕಿಯ ಕಡೆ ತಿರುಗಿ ಅಂದರು: "ನೀ ಒಮ್ಮೆ ಮಾಡಿ ನೋಡು. ನಾ ಅಂತೂ ತಿನ್ನಾಕ ಆಗೂದಿಲ್ಲ. ಮಾಡೂದನ್ನ ನೋಡತೀನಿ."

ತಿನ್ನಲು ಆಗದಿರುವುದಕ್ಕೆ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಅವರ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ನನ್ನ ಗಂಡ ಹಟ ಹಿಡಿದು ಹಲ್ಲು ಕಟ್ಟಿಸಿದ್ದರು. ಮಾವನವರು ಆ ಹಲ್ಲನ್ನು ನಾಲ್ಕೋ ಐದೋ ದಿನ ಹಾಕಿಕೊಂಡರು. ಒಂದು ಮದುವೆಗೆ ಹೋಗಿ ಬಂದ ಸಂಜೆ ತೆಗೆದು ಡಬ್ಬಿಯಲ್ಲಿಟ್ಟವರು ಮತ್ತೆ ಮುಟ್ಟಲಿಲ್ಲ. ಯಾಕೆ ಎಂದರೆ ಫೋನು ಕೈಗೆತ್ತಿಕೊಳ್ಳುವರು. ಅತ್ತೆಯನ್ನು ಕೇಳಿದರೆ ಅವರೂ ಸೆರಗು ಸರಿಮಾಡಿಕೊಂಡು ಬೇರೆ ಮಾತು ತೆಗೆಯುವರು. ಅಂದಿನಿಂದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಅನ್ನವನ್ನು ಹಿಚುಕಿ ಅವರ ಊಟ ನಡೆದಿತ್ತು.

ನಲವತ್ತು ವರ್ಷ ಗೊಂಜಾಳ ಬೆಳೆದ ಮನುಷ್ಯ ಅವರು. ಪುಸ್ತಕದಲ್ಲಿ ಮೆಕ್ಕೆಜೋಳ ಎಂದು ಬರೆಯುವುದಕ್ಕೆ ನಮ್ಮ ಕಡೆ ಗೊಂಜಾಳ ಎನ್ನುತ್ತೇವೆ. ಖಾನಾಪುರ ತಾಲೂಕಿನ ಬೀಡಿ ಅವರ ಊರು. ಅತ್ತೆಯ ಮೊಣಕಾಲು ನೋವು ಹೆಚ್ಚಾದ ಮೇಲೆ ಇಬ್ಬರೂ ಬೆಳಗಾವಿಗೆ ನಮ್ಮ ಜೊತೆ ಇರಲು ಬಂದರು. ಹೊಲವನ್ನು ಮಾವನವರ ತಮ್ಮ ನೋಡಿಕೊಳ್ಳುತ್ತಾರೆ. ನಾವು ಅವರಿಗೆ ಕಾಕಾ ಎನ್ನುತ್ತೇವೆ, ಅವರ ಹೆಂಡತಿಗೆ ಕಾಕು.

ಹದಿನೆಂಟು ವರ್ಷದಲ್ಲಿ ಮಾವನವರು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಇದು. ಮಾಡದಿರುವುದು ಹೇಗೆ?

ಮರುದಿನವೇ ಅಂಗಡಿಯಿಂದ ನಾಲ್ಕು ಸ್ವೀಟ್ ಕಾರ್ನ್ ತೆನೆ ಮತ್ತು ಮೇಲೆ ಬಳಿಯಲು ಒಂದು ಬಾಟಲಿ ಮಯೊನೀಸ್ ತಂದೆ. ಅದು ಮೊಟ್ಟೆ ಹಾಕದ್ದು, ಬೇಕೆಂದೇ ಹುಡುಕಿ ತಂದಿದ್ದೆ. ಬೆಳಗ್ಗೆ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಅತ್ತೆ ಆ ಬಾಟಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಏನೈತಿ ಇದರಾಗ?"

"ತತ್ತಿ ಇಲ್ಲ ಅಂತ ಬರದಾರ್ರೀ. ಹಸರು ಚುಕ್ಕಿನೂ ಐತಿ ನೋಡ್ರಿ."

"ತತ್ತಿ ಇಲ್ಲ ಅಂತ ಬರೀಬೇಕಾದ್ರ ಬರದವಗ ತತ್ತಿ ನೆನಪಾಗಿರಬೇಕಲ್ಲ? ನಮ್ಮ ಉಪ್ಪಿನಕಾಯಿ ಭರಣಿ ಮ್ಯಾಲ ಯಾರರ ಹಂಗ ಬರದಾರೇನು?"

ಈ ತರ್ಕಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಬಾಟಲಿ ವಾಪಸು ಹೋಯಿತು. ಬದಲಿಗೆ ಶ್ರೀಖಂಡಕ್ಕೆ ಬಳಸುವ ಚಕ್ಕಾ ತರುವುದೆಂದಾಯಿತು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರೆಲ್ಲ ಇಳಿಸಿದ ಗಟ್ಟಿ ಚಕ್ಕಾ ನಮ್ಮ ಓಣಿಯ ಡೇರಿಯಲ್ಲೇ ಸಿಗುತ್ತದೆ.

ಆ ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಬೇಗ ಬೇಯಲಿ ಎಂದು ತೆನೆಗಳನ್ನು ಮೊದಲು ನೀರಲ್ಲಿ ಕುದಿಸಿದೆ. ಆಮೇಲೆ ಒದ್ದೆ ತೆನೆಯನ್ನು ಗ್ಯಾಸಿನ ಉರಿಯ ಮೇಲೆ ಹಿಡಿದು, ಬಿಸಿಯಿರುವಾಗಲೇ ಚಕ್ಕಾ ಬಳಿದೆ. ಅದು ನಿಲ್ಲಲಿಲ್ಲ. ತೆನೆಯಿಂದ ಜಾರಿ ಜಾರಿ ಒಲೆಗೆ ಬಿತ್ತು. ಉರಿ ಒಮ್ಮೆ ಹಳದಿಯಾಗಿ, ಒಮ್ಮೆ ಕೆಮ್ಮಿ, ಆರಿಹೋಯಿತು. ಸುಟ್ಟ ಮೊಸರಿನ ವಾಸನೆ ಮನೆತುಂಬ ತುಂಬಿತು. ಅದೇ ಹೊತ್ತಿಗೆ ಲೋಂಡಾದ ರೈಲ್ವೆ ಕೆಲಸ ಮುಗಿಸಿ, ಒದ್ದೆ ಛತ್ರಿ ಹಿಡಿದು ಬಾಗಿಲಲ್ಲಿ ನಿಂತ ನನ್ನ ಗಂಡ ಮೂಗು ಮುಚ್ಚಿಕೊಂಡು ಕೇಳಿದರು:

"ಏನ ಸುಟ್ಟೀರಿ?"

"ಮೆಕ್ಸಿಕೋ," ಅಂದರು ಅತ್ತೆ.

ಮಾವನವರು ಮಾತ್ರ ನಗಲಿಲ್ಲ. ನಾಲ್ಕು ಕಾಳು ಬಿಡಿಸಿಕೊಂಡು ಬಾಯಿಗೆ ಹಾಕಿ, ವಸಡಿನಲ್ಲೇ ನುರಿಸಿ, ಗಂಭೀರವಾಗಿ ವಿಚಾರ ಮಾಡಿದರು. "ಇದು ಗೊಂಜಾಳ ಅಲ್ಲಬೇ ಯವ್ವಾ, ಪೇಢೆ. ಇಷ್ಟು ಸಿಹಿ ಇದ್ರ ಖಾರ, ಲಿಂಬಿಹಣ್ಣು ಏನ ಮಾಡತಾವ ಪಾಪ?" ಎಂದು ಫೋನು ತೆಗೆದು ಆ ಮುದುಕನ ತೆನೆಯನ್ನು ಮತ್ತೆ ತೋರಿಸಿದರು. "ಬರೋಬರಿ ನೋಡು. ಅವನ ತೆನಿ ಹಳದಿ ಇಲ್ಲ. ಕಾಳು ಬೆಳ್ಳಗ ಅದಾವ. ಇದು ನಮ್ಮ ಬಿಳಿ ಗೊಂಜಾಳ. ನಮ್ಮವ್ವ ಹಾಕತಿದ್ದಳಲ್ಲ, ಅದ."

ಅವರು ಹೇಳಿದ್ದು ನಿಜ. ನಾನು ಹತ್ತು ಸಲ ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ಈಗ ಹೊಲಗಳಲ್ಲಿ ಇರುವುದೆಲ್ಲ ಹಳದಿ ಹೈಬ್ರಿಡ್, ಬಹುಪಾಲು ಕೋಳಿಯ ಆಹಾರಕ್ಕೆ ಹೋಗುವಂಥದ್ದು. ಆದರೆ ಬೀಡಿಯಲ್ಲಿ ದನದ ಕೊಟ್ಟಿಗೆಯ ಹಿಂದೆ ಕಾಕಾ ಈಗಲೂ ಪ್ರತಿ ಮಳೆಗಾಲ ಒಂದು ಸಾಲು ಬಿಳಿ ಗೊಂಜಾಳ ಹಾಕುತ್ತಾರೆ. ತಾಯಿಯ ಕಾಲದ ಬೀಜ ಕೆಡಬಾರದು ಎಂದಷ್ಟೆ.

ಅಂದು ರಾತ್ರಿ ಊಟಕ್ಕೆ ಮುಂಚೆಯೇ ಮಾವನವರು ತಮ್ಮನಿಗೆ ಫೋನ್ ಮಾಡಿದರು. ಮರುದಿನವೂ ಮಾಡಿದರು. ಆಮೇಲೆ ಅದೊಂದು ದಿನಚರಿಯೇ ಆಯಿತು. "ಮೊಣಕಾಲುದ್ದ ಬಂತೇನು?" "ಸೂಲಂಗಿ ಒಡೀತೇನು?" ಗಿಡದ ತಲೆಯ ಮೇಲೆ ಸೂಲಂಗಿ ಮೂಡಿದ ದಿನ ಅವರು ಅದನ್ನು ಅಡುಗೆಮನೆಗೆ ಬಂದು ನನಗೇ ಹೇಳಿದರು. ಅತ್ತೆಯ ಮೂಲಕ ಅಲ್ಲ. ಅತ್ತೆ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

ಆ ಎರಡು ತಿಂಗಳು ನಾನೂ ಸುಮ್ಮನಿರಲಿಲ್ಲ. ಅಟ್ಟದ ಮೇಲಿದ್ದ ಅತ್ತೆಯ ಹಳೆಯ ಕಬ್ಬಿಣದ ಶೆಗಡಿಯನ್ನು ಇಳಿಸಿ, ತಿಕ್ಕಿ ತೊಳೆದು, ಮಳೆ ಬಿಟ್ಟ ಭಾನುವಾರಗಳಲ್ಲಿ ಟೆರೇಸಿನ ಮೇಲೆ ಇದ್ದಲಿ ಹಾಕಿ ಅಭ್ಯಾಸ ಮಾಡಿದೆ. ತೆನೆಯನ್ನು ಕುದಿಸಬಾರದು, ನೀರು ತಾಗಿಸದೆ ಹಾಗೆಯೇ ಸುಡಬೇಕು ಎಂಬುದು ಮೊದಲ ಪಾಠ. ಕೆಂಡದಿಂದ ತೆಗೆದ ಕೂಡಲೆ ಚಕ್ಕಾ ಹಚ್ಚಬಾರದು, ನೂರು ಎಣಿಸುವಷ್ಟು ತಾಳಬೇಕು. ಚಕ್ಕಾಕ್ಕೆ ಉಪ್ಪು ಮತ್ತು ಒಂದು ಉಂಡೆ ಬೆಣ್ಣೆ ಹಾಕಿ ಅಂಗೈಯಲ್ಲಿ ಮಿದ್ದರೆ ಅದು ಗೋಡೆಗೆ ಗಿಲಾವು ಹಿಡಿದ ಹಾಗೆ ಹಿಡಿಯುತ್ತದೆ. ಮೇಲೆ ಉದುರಿಸುವ ಉಪ್ಪುಪ್ಪು ಚೀಸ್ ನಮ್ಮಲ್ಲಿ ಸಿಗುವುದಿಲ್ಲ. ಅದಕ್ಕೆ ದಾರಿ ಕಂಡುಹಿಡಿದದ್ದು ಅತ್ತೆ. ಪನೀರಿಗೆ ಧಾರಾಳ ಉಪ್ಪು ಸವರಿ, ಬಟ್ಟೆಯಲ್ಲಿ ಸುತ್ತಿ, ರುಬ್ಬುವ ಗುಂಡುಕಲ್ಲನ್ನು ಅದರ ಮೇಲೆ ಹೇರಿಟ್ಟರು. ಆಮೇಲೆ ಎರಡು ದಿನ ಫ್ರಿಜ್ಜಿನಲ್ಲಿ ತೆರೆದಿಟ್ಟು ಒಣಗಿಸಿದರು. ತುರಿದರೆ ರವೆಯ ಹಾಗೆ ಉದುರಿತು. ಬಾಟಲಿಯನ್ನು ವಾಪಸು ಕಳಿಸಿದ ಅದೇ ಅತ್ತೆ, ಬೆರಳ ತುದಿಯಲ್ಲಿ ಅದನ್ನು ನೆಕ್ಕಿ, "ಈಗ ನೋಡು, ಇದರ ಮ್ಯಾಲ ಏನೂ ಬರಿಯೂದು ಬ್ಯಾಡ," ಅಂದರು.

ಗಣಪತಿಯನ್ನು ಕಳಿಸಿದ ಮುಂದಿನ ಭಾನುವಾರ ನಾಲ್ವರೂ ಕಾರಿನಲ್ಲಿ ಬೀಡಿಗೆ ಹೊರಟೆವು. ಮಳೆ ನಿಂತು, ರಸ್ತೆಯ ಎರಡೂ ಕಡೆ ಭತ್ತದ ಗದ್ದೆ ಹಸಿರಿನಲ್ಲಿ ಹೊಳೆಯುತ್ತಿತ್ತು. ಖಾನಾಪುರದ ಪೇಟೆಯಲ್ಲಿ ಲಿಂಬೆಹಣ್ಣಿಗಾಗಿ ನಿಲ್ಲಿಸಿದೆವು. ನಾನು ಇಪ್ಪತ್ತು ಹಣ್ಣು ಆರಿಸುವುದನ್ನು ನೋಡಿ ಮಾರುವ ಅಜ್ಜಿ, "ಲೋಣಚಂ ಘಾಲ್ತೇಸ್ ಕಾ?" ಎಂದು ಮರಾಠಿಯಲ್ಲಿ ಕೇಳಿದಳು. ಉಪ್ಪಿನಕಾಯಿಗಲ್ಲ, ಗೊಂಜಾಳದ ತೆನೆಗೆ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿ, ಪಕ್ಕದಲ್ಲಿ ಕೊತ್ತಂಬರಿ ಮಾರುತ್ತಿದ್ದವಳಿಗೆ ಬೆಳಗಾವಿಯ ಜನ ಏನೇನೋ ತಿನ್ನುತ್ತಾರೆ ಎಂದು ಹೇಳಿ, ಕೈಗೆ ಇನ್ನೆರಡು ಹಣ್ಣು ಹಾಕಿದಳು. ನಾನು ಕೊತ್ತಂಬರಿಯನ್ನೂ ಅಲ್ಲೇ ಕೊಂಡೆ.

ಬೀಡಿಯಲ್ಲಿ ಕಾಕಾ ಬಾಗಿಲಲ್ಲೇ ಕಾದಿದ್ದರು. ಚಹಾ ಆಯಿತು, ಅವಲಕ್ಕಿ ಆಯಿತು. ಎಲ್ಲರೂ ಕೊಟ್ಟಿಗೆಯ ಹಿಂದಕ್ಕೆ ಹೋದೆವು. ನಲವತ್ತು ಗಿಡಗಳ ಒಂದೇ ಸಾಲು, ಆಳೆತ್ತರಕ್ಕೂ ಮೀರಿ ಬೆಳೆದಿತ್ತು. ನಾನು ಚೀಲ ಬಿಚ್ಚಿದ ಕೂಡಲೆ ಕಾಕಾ ಗಂಟಲು ಸರಿಮಾಡಿಕೊಂಡರು.

"ಅಣ್ಣಾ, ಒಂದು ಮಾತು. ಹೈಬ್ರಿಡ್ ಬೇಕಾದಷ್ಟು ಮುರಕೋರಿ, ಗಾಡಿ ತುಂಬ ಒಯ್ಯಿರಿ. ಇದು ಮಾತ್ರ ಬೀಜಕ್ಕ ಇಟ್ಟೇನಿ. ಎಳೇದ್ರಾಗ ಮುರದ್ರ ಬರೂ ವರ್ಷ ಬಿತ್ತಾಕ ಏನೂ ಉಳ್ಯಾಂಗಿಲ್ಲ."

ಕಾಕಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿಯ ಕಾಲದ ಬೀಜವನ್ನು ಇಷ್ಟು ವರ್ಷ ಉಳಿಸಿದ್ದು ಅವರೇ. ಮಾವನವರು ಒಂದು ಗಿಡದ ದಂಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. "ಖರೇ ಐತಿ ತಮ್ಮಾ," ಅಂದರು ಮೆಲ್ಲಗೆ. ಅವರ ಮುಖ ನೋಡಲು ನನಗೆ ಆಗಲಿಲ್ಲ. ನಾನು ಚೀಲವನ್ನು ಮಡಚತೊಡಗಿದೆ.

ಆಗ ಕಾಕು ಮುಂದೆ ಬಂದರು. ಗಿಡ್ಡನೆಯ, ಚುರುಕಾದ ಹೆಂಗಸು. ಅವರ ತವರು ಖಾನಾಪುರದ ಆಚೆಯ ಮರಾಠಿ ಊರು. ಸಿಟ್ಟು ಬಂದಾಗ ಎರಡೂ ಭಾಷೆ ಒಟ್ಟಿಗೇ ಬರುತ್ತವೆ.

"ಅಹೋ, ಕಣ್ಣ ಬಿಟ್ಟು ನೋಡ್ರಿ ಜರಾ," ಎಂದು ಗಂಡನ ಕೈ ಹಿಡಿದು ಒಂದು ಗಿಡದ ಮುಂದೆ ನಿಲ್ಲಿಸಿದರು. "ಮ್ಯಾಲಿನ ತೆನಿ ದೊಡ್ಡದೈತಿ, ಬಲಿಯಾಕತ್ತೇತಿ. ಬೀಜಕ್ಕ ನೀವು ಹಿಡಿಯೂದು ಅದನ್ನ. ಕೆಳಗಿಂದು ಸಣ್ಣದು, ಹಿಂದ ಬಂದದ್ದು. ಪ್ರತಿ ವರ್ಷ ಅದನ್ನ ಯಾರ ತಿಂತಾರ? ಎಮ್ಮಿ! ಭಾವಾರು ಎರಡು ತಿಂಗಳಿಂದ ದಿನಾ ಫೋನ ಮಾಡಾಕತ್ತಾರ. ಎಮ್ಮಿಗಿಂತ ಕಡಿಮಿ ಏನು ಅವರು?"

ಕಾಕಾ ಒಂದು ಗಿಡ ನೋಡಿದರು, ಇನ್ನೊಂದು ಗಿಡ ನೋಡಿದರು. "ಇದು ನನಗ ಹೊಳೀಲಿಲ್ಲ," ಎಂದು ಒಪ್ಪಿಕೊಂಡರು. "ಕೆಳಗಿಂದಷ್ಟ ಮುರೀರಿ ಮತ್ತ."

ಎಲ್ಲ ಗಿಡದಲ್ಲೂ ಎರಡನೆಯ ತೆನೆ ಇರಲಿಲ್ಲ. ಇದ್ದವನ್ನು ಮಾವನವರೇ ಆರಿಸಿದರು. ನನ್ನನ್ನು ಜೊತೆಗೆ ಕರೆದುಕೊಂಡು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಸಿಪ್ಪೆ ಸುಲಿಯದೆ, ಹೊರಗಿನಿಂದಲೇ ತೆನೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗುವರು.

"ಕಣ್ಣಿಲೆ ನೋಡಬ್ಯಾಡ, ಕೈಲೆ ನೋಡು. ತೆನಿ ಕೂದಲಾ ಕಂದಾಗಿರಬೇಕು, ಆದರ ಪುಡಿ ಆಗಬಾರದು. ತುದಿ ಚೂಪ ಇದ್ರ ಬಿಡು, ಇನ್ನಾ ಕಾಳು ತುಂಬಿಲ್ಲ. ಈಗ ಇದನ್ನ ಒತ್ತು. ಹಾಂ. ಹೆಂಗೈತಿ?"

"ಗಟ್ಟಿ ಐತ್ರಿ."

"ಗಟ್ಟಿ ಅಲ್ಲ, ತುಂಬೇತಿ. ಬ್ಯಾರೆ ಬ್ಯಾರೆ ಅವು."

ಒಂದರ ಸಿಪ್ಪೆಯನ್ನು ಸ್ವಲ್ಪ ಸರಿಸಿ ಕಾಳಿಗೆ ಉಗುರು ಒತ್ತಿದರು. ಹಾಲು ಚಿಮ್ಮಿ ನನ್ನ ಕನ್ನಡಕಕ್ಕೆ ಸಿಡಿಯಿತು. ಮಾವನವರು ಬೊಚ್ಚು ಬಾಯಿ ತೆರೆದು ನಕ್ಕರು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಇಷ್ಟು ಚೆನ್ನಾಗಿ ಕಲಿಸುವವರು ಮನೆಯಲ್ಲೇ ಇದ್ದದ್ದು ತಿಳಿದಿರಲಿಲ್ಲ. ಒಟ್ಟು ಒಂಬತ್ತು ತೆನೆ ಸಿಕ್ಕವು.

ಬೆಂಕಿಯದೊಂದು ಕಷ್ಟವಾಯಿತು. ಮಳೆಗಾಲದ ಸೆಗಣಿ ಕುಳ್ಳು ಒಳಗೊಳಗೇ ಹಸಿಯಾಗಿ, ಹೊಗೆ ಬಿಟ್ಟು ಬೇರೇನೂ ಕೊಡಲಿಲ್ಲ. ಊದಿ ಊದಿ ನನ್ನ ಗಂಡನ ಕಣ್ಣು ಕೆಂಪಾದವು. ಕೊನೆಗೆ ಕಾಕಾ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ ತಂದು ಸುರಿದರು. ಹೋದ ವರ್ಷ ಕಾಳು ಬಿಡಿಸಿ ಉಳಿದ ಗೊಂಜಾಳದ ಒಣ ದಿಂಡುಗಳು. ಚರಚರ ಎಂದು ಹತ್ತಿಕೊಂಡು ಹೊಗೆಯಿಲ್ಲದೆ ಉರಿದವು.

ಉರಿ ಇಳಿದು ಕೆಂಡವಾಗಲು ಕಾಯುತ್ತ ಎಲ್ಲರೂ ಸುತ್ತ ಕುಳಿತೆವು. ಅಷ್ಟು ದಿನ ನನ್ನ ಮನಸ್ಸಿನಲ್ಲಿದ್ದುದನ್ನು ಆಗ ಕೇಳಿದೆ. "ಮಾವಾರ, ಅಷ್ಟೆಲ್ಲಾ ವಿಡಿಯೋದಾಗ ಇದ ಯಾಕ ಹಿಡಸ್ತು ನಿಮಗ?"

ಅವರು ಕಟ್ಟಿಗೆಯಿಂದ ಕೆಂಡ ಕೆದಕಿದರು.

"ನಾವು ಸಣ್ಣವರಿದ್ದಾಗ ದಿನಾ ಇದರ ನುಚ್ಚು, ಇದರ ರೊಟ್ಟಿ. ಜ್ವಾಳ ಬೀಗರು ಬಂದ್ರಷ್ಟ. ಉಣ್ಣೂ ಹೊತ್ತಿನಾಗ ಯಾರರ ಬಂದ್ರ ನಮ್ಮವ್ವ ಬುಟ್ಟಿ ಮ್ಯಾಲ ಅರಿವಿ ಮುಚ್ಚತಿದ್ದಳು. ಗೊಂಜಾಳ ತಿನ್ನವ್ರು ಅಂತ ಆಡಕೋಬಾರದಲ್ಲ. ಸಾಲ್ಯಾಗ ಬುತ್ತಿ ಬಿಚ್ಚಬೇಕಾದ್ರ ನಾ ಗ್ವಾಡಿ ಕಡೆ ಮುಖ ಮಾಡಿ ಕುಂದರತಿದ್ದೆ." ಕೆಂಡದ ಮೇಲಿನ ಕಣ್ಣು ತೆಗೆಯದೆ ಮುಂದುವರಿಸಿದರು. "ಆ ಮುದುಕ ನೋಡಿದ್ಯಲ್ಲ, ನನ್ನ ವಾರಿಗಿಯಾಂವ, ನನ್ನಷ್ಟ ವಯಸ್ಸು. ಅದ ಗೊಂಜಾಳ. ರಸ್ತಾದ ನಡುವ ನಿಂತು, ಬೆಣ್ಣಿ ಹಚ್ಚಿ, ಲಿಂಬಿಹಣ್ಣು ಹಿಂಡಿ, ಬರ್ರಿ ತಿನ್ರಿ ಅಂತ ಕರದು ಕೊಡಾಕತ್ತಿದ್ದ. ಎಷ್ಟು ದಿಮಾಕಿಲೆ ಕೊಡಾಕತ್ತಿದ್ದ! ನಮ್ಮವ್ವ ನೋಡಬೇಕಿತ್ತು ಅನಸ್ತು."

ಕಾಕಾ ತಲೆ ತಗ್ಗಿಸಿ, "ನಾನೂ ಗ್ವಾಡಿ ಕಡೆನ ಕುಂದರತಿದ್ದೆ," ಅಂದರು. ಅಣ್ಣತಮ್ಮಂದಿರು ಇದನ್ನು ಒಬ್ಬರಿಗೊಬ್ಬರು ಎಂದೂ ಹೇಳಿಕೊಂಡಿರಲಿಲ್ಲ ಎಂದು ಅವರ ಮುಖದಲ್ಲೇ ಗೊತ್ತಾಯಿತು.

ಕೆಂಡ ಬೂದಿ ಹೊದ್ದುಕೊಂಡಿತ್ತು. ತೆನೆಗಳನ್ನು ಮೊದಲು ಸಿಪ್ಪೆಸಮೇತ ಇಟ್ಟೆ. ಸಿಪ್ಪೆ ಕಪ್ಪಾದ ಮೇಲೆ ಹಿಂದಕ್ಕೆ ಎಳೆದು ಜುಟ್ಟಿನ ಹಾಗೆ ಕಟ್ಟಿದೆ, ಹಿಡಿಯಲು ಹಿಡಿಕೆಯಾಯಿತು. ಬರಿಯ ಕಾಳಿಗೆ ಕೆಂಡದ ಶಾಖ ತಾಗಿದಾಗ ಪಟಪಟ ಸದ್ದು ಬಂತು, ಅಲ್ಲಲ್ಲಿ ಕಂದು ಚುಕ್ಕೆ ಮೂಡಿದವು. ತೆಗೆದು ನೂರು ಎಣಿಸಿದೆ. ಬೆಣ್ಣೆ ಮಿದ್ದ ಚಕ್ಕಾ ಹಚ್ಚಿದೆ. ನಿಂತಿತು! ಅತ್ತೆ ಪನೀರಿನ ಪುಡಿ ಉದುರಿಸಿದರು, ಕಾಕು ಸಂಕೇಶ್ವರದ ಖಾರದಪುಡಿ ಉದುರಿಸಿದರು, ನನ್ನ ಗಂಡ ಲಿಂಬೆ ಹಿಂಡಿದರು, ನಾನು ಕೊತ್ತಂಬರಿ ಹಾಕಿದೆ.

ಮೊದಲ ತೆನೆ ಕಾಕಾಗೆ. ಅವರು ಅನುಮಾನದಿಂದಲೇ ಕಚ್ಚಿದರು. ಮೀಸೆ ಬೆಳ್ಳಗಾಯಿತು. ಎರಡನೆಯ ಸಲ ಕಚ್ಚುವಾಗ ಅನುಮಾನವಿರಲಿಲ್ಲ. ಕಾಕು ಅರ್ಧ ತೆನೆ ಮುಗಿಯುವವರೆಗೆ ಒಂದೂ ಮಾತಾಡಲಿಲ್ಲ, ಅದು ಆ ಮನೆಯಲ್ಲಿ ದೊಡ್ಡ ಪ್ರಶಸ್ತಿ. ನಾನೂ ಕಚ್ಚಿದೆ. ಸಿಹಿ ತೀರ ಕಡಿಮೆ, ಕಾಳು ಹಲ್ಲಿಗೆ ಸ್ವಲ್ಪ ಎದುರು ನಿಲ್ಲುತ್ತದೆ. ಆಮೇಲೆ ಸುಟ್ಟ ವಾಸನೆ, ಹುಳಿ, ಖಾರ, ಉಪ್ಪು ಎಲ್ಲ ಒಂದರ ಹಿಂದೊಂದು ಬರುತ್ತವೆ. ಮಾವನವರು ಪೇಢೆ ಎಂದು ಬಯ್ದದ್ದು ಯಾಕೆ ಎಂದು ಆಗ ತಿಳಿಯಿತು.

ಅವರಿಗಾಗಿ ನಾನು ಒಂದು ತೆನೆಯ ಕಾಳನ್ನು ಬಿಡಿಸಿ, ಬಟ್ಟಲಲ್ಲಿ ಚೆನ್ನಾಗಿ ಜಜ್ಜಿ ಚಕ್ಕಾ ಕಲಸಿ ಕೊಟ್ಟೆ. ಅವರು ಬಟ್ಟಲನ್ನು ನೋಡಿದರು. ನಮ್ಮ ಕೈಯಲ್ಲಿದ್ದ ತೆನೆಗಳನ್ನು ನೋಡಿದರು. ಬಟ್ಟಲನ್ನು ಕೆಳಗಿಟ್ಟು, ಎದ್ದು ನಲ್ಲಿಯ ಕಡೆ ಹೋದರು.

ಸಿಟ್ಟಾದರೇನೋ ಎಂದು ನನಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಮುಖದಲ್ಲಿ ಏನೋ ಬದಲಾಗಿತ್ತು. ಗಲ್ಲ ತುಂಬಿ, ತುಟಿ ಮುಂದೆ ಬಂದಿದ್ದವು. ಕಾಕಾ ತೆನೆ ಹಿಡಿದ ಕೈಯನ್ನು ಹಾಗೆಯೇ ಇಳಿಸಿ, "ಅಣ್ಣಾ, ಥೇಟ್ ಅಪ್ಪನಂಗ ಕಾಣಾಕತ್ತಿ!" ಅಂದರು. ಬೆಳಗಾವಿಯಿಂದ ಹೊರಡುವಾಗಲೇ ಅವರು ಹಲ್ಲಿನ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಯಾರಿಗೂ ಹೇಳಿರಲಿಲ್ಲ.

"ಕೊಡು ಯವ್ವಾ ಒಂದು."

ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಜೋರಾಗಿ ಕಚ್ಚಿ ಎಳೆದರು. ತೆನೆ ಬಾಯಿಂದ ಹೊರಗೆ ಬಂತು. ಮೇಲಿನ ಹಲ್ಲಿನ ಸಾಲೂ ಅದರ ಜೊತೆಗೇ ಬಂತು. ಚಕ್ಕಾದಲ್ಲಿ ನಾಟಿಕೊಂಡು, ಗುಲಾಬಿ ವಸಡುಸಮೇತ, ತೆನೆಯ ಮೇಲೆ ಕುಳಿತಿತ್ತು.

ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡರು. ಮೊದಲು ನಕ್ಕದ್ದು ಅತ್ತೆ. ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಅವತ್ತೂ ಹಿಂಗ ಆಗಿತ್ತು!" ಎಂದರು ನಗುವಿನ ನಡುವೆ. "ಆ ಮದುವ್ಯಾಗ! ಅಕ್ಷತಿ ಹಾಕೂ ಹೊತ್ತಿಗೆ ಇವರಿಗೆ ಸೀನು ಬಂತು. ಹಲ್ಲು ಹಾರಿ ಅಕ್ಷತಿ ಜೋಡಿ ಅಂಗೈಯಾಗ ಬಿತ್ತು! ಪುಣ್ಯಾಕ ಮದುಮಕ್ಕಳ ಮ್ಯಾಲ ಒಗೀಲಿಲ್ಲ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು ನನ್ನ ಕಡಿಂದ."

ಎರಡು ವರ್ಷದ ಗುಟ್ಟು ಹೀಗೆ ಹೊರಬಿತ್ತು. ಮಾವನವರು ತೆನೆಯ ಮೇಲಿನ ಹಲ್ಲನ್ನು ಒಮ್ಮೆ ನೋಡಿ, ಹೆಂಡತಿಯನ್ನು ಒಮ್ಮೆ ನೋಡಿ, ತಾವೂ ನಗತೊಡಗಿದರು. ಆಮೇಲೆ ತಡೆಯುವವರೇ ಇರಲಿಲ್ಲ. ಕಾಕಾ ನೆಲ ಬಡಿದು ನಕ್ಕರು. ಕೊಟ್ಟಿಗೆಯ ಎಮ್ಮೆ ಎದ್ದು ನಿಂತು ನಮ್ಮ ಕಡೆ ತಿರುಗಿ ನೋಡಿತು.

ನಗು ಇಳಿದ ಮೇಲೆ ಅತ್ತೆಯೇ ಹಲ್ಲು ತೊಳೆದು ತಂದುಕೊಟ್ಟರು. ಕಾಕಾ ಕುಡುಗೋಲು ತಂದು ತೆನೆಯನ್ನು ಮೂರು ತುಂಡು ಮಾಡಿದರು. "ಮುಂದಿನ ಹಲ್ಲಿಲೆ ಎಳೀಬ್ಯಾಡ ಅಣ್ಣಾ. ಬಾಜುಕ ಇಟಗೊಂಡು ಮೆಲ್ಲಕ ಒತ್ತು." ಹಾಗೆಯೇ ಮಾಡಿದರು. ಒಂದು ಸಾಲು ಕಾಳು, ಆಮೇಲೆ ಇನ್ನೊಂದು ಸಾಲು. ನಾವೆಲ್ಲ ತಿಂದು, ಕೈ ತೊಳೆದು, ಚಹಾ ಕುಡಿದರೂ ಅವರದ್ದು ಮುಗಿದಿರಲಿಲ್ಲ. ಆ ದಿನ ಅವರು ಪೂರ್ತಿ ಒಂದು ತೆನೆ ತಿಂದರು. ಬಟ್ಟಲಲ್ಲಿ ನಾನು ಜಜ್ಜಿಟ್ಟಿದ್ದು ಎಮ್ಮೆಗೆ ಹೋಯಿತು.

ಮರುದಿನ ಶಾಲೆ ಬಿಟ್ಟ ಮೇಲೆ ನಾನೇ ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಹಲ್ಲನ್ನು ಕೂರಿಸಿ, ತೆಗೆದು, ಮತ್ತೆ ಕೂರಿಸಿ ನೋಡಿ, "ಅಜ್ಜಾರ, ಇವು ಸಡಲ ಅದಾವ. ಅವತ್ತ ಬಂದು ಹೇಳಿದ್ರ ಅವತ್ತ ಸರಿ ಮಾಡಿ ಕೊಡತಿದ್ದೆ. ಎರಡು ವರ್ಷ ಯಾಕ ಸುಮ್ಮನಿದ್ರಿ?" ಎಂದು ಕೇಳಿದರು.

ಮಾವನವರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಹೊತ್ತ ಸಿಗಲಿಲ್ರೀ," ಅಂದರು.

ಹಲ್ಲಿನ ಒಳಗೆ ಹೊಸ ಪದರ ಕೂರಿಸಿ ಸರಿಮಾಡಿ ಕೊಡಲು ಒಂದು ವಾರ ಹಿಡಿಯಿತು. ತರಲು ಹೋದ ದಿನ ಮಾವನವರು ಕರವಸ್ತ್ರದಲ್ಲಿ ಒಂದು ತುಂಡು ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ಹಲ್ಲು ಕೂರಿಸಿದ ತಕ್ಷಣ, ಡಾಕ್ಟರು ಬೇಡ ಬೇಡ ಎನ್ನುವಷ್ಟರಲ್ಲಿ, ಕಚ್ಚಿಯೇಬಿಟ್ಟರು. ಕಟಂ ಎಂಬ ಸದ್ದಿಗೆ ಹೊರಗೆ ಕಾಯುತ್ತಿದ್ದ ಇಬ್ಬರು ತಲೆ ಒಳಗೆ ಹಾಕಿ ನೋಡಿದರು. ಹಲ್ಲು ಅಲ್ಲೇ ಇತ್ತು. ಮಾವನವರು ರೊಟ್ಟಿ ಅಗಿಯುತ್ತ, ಬಾಯಿತುಂಬ ಪುಡಿ ಇಟ್ಟುಕೊಂಡೇ, "ಪಾಸ್," ಅಂದರು.

ಅಂದಿನಿಂದ ಮನೆಯಲ್ಲಿ ರೊಟ್ಟಿ ನೆನೆಸುವ ಹಾಲು ಉಳಿಯುತ್ತಿದೆ. ಮಾವನವರಿಗೆ ಈಗ ಚಹಾ ಬೇಕಾದರೆ ನನ್ನನ್ನೇ ಕೂಗುತ್ತಾರೆ, ದಿನಕ್ಕೆ ನಾಲ್ಕು ಸಲ. ಒಮ್ಮೊಮ್ಮೆ ಆ ಹಳೆಯ ಮರ್ಯಾದೆಯೇ ಚೆನ್ನಾಗಿತ್ತು ಅನಿಸುವುದೂ ಉಂಟು.

ಕಳೆದ ಮಳೆಗಾಲ ಕಾಕಾ ಒಂದರ ಬದಲು ನಾಲ್ಕು ಸಾಲು ಬಿಳಿ ಗೊಂಜಾಳ ಹಾಕಿದರು. ಸೆಪ್ಟೆಂಬರಿನಲ್ಲಿ ಕಾಕು ಫೋನ್ ಮಾಡಿ, "ಈ ಸಲ ನೀ ಏನೂ ತರಬ್ಯಾಡ, ಕೈ ಬೀಸಕೋತ ಬಾ," ಎಂದರು. ಹೋಗಿ ನೋಡಿದರೆ ಅವರ ಅಂಗಳದಲ್ಲಿ ಓಣಿಯ ಎಂಟು ಹತ್ತು ಹೆಂಗಸರು ಕೆಂಡದ ಸುತ್ತ ಕುಳಿತಿದ್ದರು. ಎಲ್ಲರ ಕೈಯಲ್ಲೂ ತೆನೆ. ಆದರೆ ಬಣ್ಣ ನನ್ನದಲ್ಲ. ಚಕ್ಕಾಕ್ಕೆ ಕಾಕು ಶೇಂಗಾ ಚಟ್ನಿಪುಡಿ ಕಲಸಿದ್ದರು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಪನೀರಿನ ಸುಳಿವೇ ಇರಲಿಲ್ಲ.

"ಪನೀರ ಯಾಕ ಹಾಕಿಲ್ರೀ ಕಾಕು?" ಎಂದು ಸ್ವಲ್ಪ ಮುನಿಸಿನಿಂದಲೇ ಕೇಳಿದೆ. ಎರಡು ತಿಂಗಳು ಟೆರೇಸಿನ ಮೇಲೆ ಹೊಗೆ ಕುಡಿದವಳು ನಾನಲ್ಲವೇ.

"ಶೇಂಗಾ ಇದ್ದಲ್ಲಿ ಅದ್ಯಾಕ ಬೇಕು? ತಿಂದ ನೋಡ ಮೊದಲ."

ತಿಂದು ನೋಡಿದೆ. ಏನು ಹೇಳಲಿ, ನನ್ನದಕ್ಕಿಂತ ಚೆನ್ನಾಗಿತ್ತು. ಒಪ್ಪಿಕೊಳ್ಳುವ ಮನಸ್ಸಾಗದೆ ಮಾವನವರ ಕಡೆ ತಿರುಗಿದೆ. ಹೆಂಗಸರೆಲ್ಲರೂ ಅವರ ಕಡೆಯೇ ತಿರುಗಿದರು. ಕಟ್ಟೆಯ ಮೇಲೆ ಕುಳಿತು, ತುಂಡು ಮಾಡದ ಇಡೀ ತೆನೆಯನ್ನು ಅವರು ಸಾಲು ಹಿಡಿದು ಮುಗಿಸುತ್ತಿದ್ದರು.

"ನೀವ ಹೇಳ್ರಿ ಭಾವಾರ," ಅಂದರು ಕಾಕು, ಸೊಂಟದ ಮೇಲೆ ಕೈಯಿಟ್ಟು. "ಸೊಸಿ ಮಾಡಿದ್ದು ಚಲೋನೋ, ನಾ ಮಾಡಿದ್ದು ಚಲೋನೋ?"

ಮಾವನವರು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. ನನ್ನನ್ನು ನೋಡಿದರು, ಕಾಕುವನ್ನು ನೋಡಿದರು, ಕೆಂಡದ ಮೇಲೆ ಪಟಪಟ ಎನ್ನುತ್ತಿದ್ದ ತೆನೆಗಳನ್ನು ನೋಡಿದರು.

"ಇನ್ನೊಂದು ಕೊಡ್ರಿ," ಅಂದರು. "ಒಂದರಾಗ ಹೆಂಗ ಗೊತ್ತಾಗಬೇಕು?"